ಜೋಪಾನವೂ ಅಪರಿಗ್ರಹವೂ: ಬಿಸಿನೀರಿನ ಮುಚ್ಚಳವೊಂದರ ನಿಮಿತ್ತ

ಗೃಹಸ್ಥನು ತನ್ನ ಮನೆಯ ವಸ್ತುವೊಂದನ್ನು ಬಹುಕಾಲ ಬಾಳುವಂತೆ ಜೋಪಾನ ಮಾಡುವುದು ಅಪರಿಗ್ರಹಕ್ಕೆ ಪೋಷಕವೋ, ವಿರೋಧವೋ? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ನಮ್ಮ ಮನೆಗಳ ಅಟ್ಟ, ಬಸದಿಗಳ ಉಗ್ರಾಣ, ಯಾತ್ರಿ ನಿವಾಸಗಳ ಹಿತ್ತಲು ಹೇಗಿರಬೇಕೆಂಬುದು ಈ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನೇ ಅವಲಂಬಿಸಿದೆ. ವಸ್ತುವಿನ ಮೇಲೆ ಮೋಹವಿರಬಾರದೆಂದು ಒಬ್ಬರು ಹೇಳುತ್ತಾರೆ. ಹೇಳಿ, ಅದನ್ನು ಮಳೆಗೆ ಬಿಡುತ್ತಾರೆ. ವಸ್ತುವನ್ನು ಹಾಳುಮಾಡಬಾರದೆಂದು ಇನ್ನೊಬ್ಬರು ಹೇಳುತ್ತಾರೆ. ಹೇಳಿ, ಯಾರೂ ಮುಟ್ಟದಂತೆ ಬೀಗ ಹಾಕುತ್ತಾರೆ. ಇಬ್ಬರೂ ಧರ್ಮದ ಹೆಸರನ್ನೇ ಎತ್ತುತ್ತಾರೆ. ಇವರಲ್ಲಿ ಯಾರ ನಡೆ ಸರಿಯೆಂದು ತಿಳಿಯಲು ದೊಡ್ಡ ಉದಾಹರಣೆ ಬೇಕಿಲ್ಲ. ಬಿಸಿನೀರಿನ ಮೇಲೆ ಮುಚ್ಚುವ ಒಂದು ಮುಚ್ಚಳ ಸಾಕು.

ಸಕಲೇಶಪುರದಿಂದ ಬಿಸ್ಲೆ ಘಟ್ಟದ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯಲ್ಲಿ ವನಗೂರು ಇದೆ. ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಈ ಗುಡ್ಡಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದೇ ಅಪರೂಪ. ಅಂತಹ ಸೀಮೆಯಲ್ಲಿ ಬಚ್ಚಲೊಲೆಯ ಬಿಸಿನೀರು ಭೋಗವಲ್ಲ. ತೋಟದಲ್ಲಿ ನೆನೆದು ಬಂದ ಮೈಗೆ ಅದು ಅಗತ್ಯ. ಒಲೆಯ ಮೇಲೆ ಕಟ್ಟಿ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಕಾಫಿ ಗಿಡ ಸವರಿದ ಕಡ್ಡಿಯ ಅಥವಾ ಸಿಲ್ವರ್ ಮರದ ರೆಂಬೆಯ ಬೆಂಕಿ, ಹಂಡೆಯ ಬಾಯಿಗೆ ಒಂದು ಮುಚ್ಚಳ: ಇದು ಮಲೆನಾಡಿನ ಮನೆಗಳ ಹಳೆಯ ಕ್ರಮ. ಇತ್ತೀಚಿನ ವರ್ಷಗಳಲ್ಲಿ ಸಕಲೇಶಪುರದ ಸುತ್ತಮುತ್ತ ಹೋಂಸ್ಟೇ, ರೆಸಾರ್ಟುಗಳು ಹೆಚ್ಚಿವೆ. ಅವುಗಳಲ್ಲಿ ಕೆಲವೆಡೆ ಅತಿಥಿಗಳು ಕುಳಿತು ಮೈ ಕಾಯಿಸಿಕೊಳ್ಳುವ ಬಿಸಿನೀರಿನ ತೊಟ್ಟಿಗಳೂ ಬಂದಿವೆ. ಜನ ಇದನ್ನು ಹಾಟ್ ಟಬ್ ಎಂತಲೂ ಜಕೂಝಿ ಎಂತಲೂ ಕರೆಯುತ್ತಾರೆ. ಇಂತಹ ತೊಟ್ಟಿಯೊಂದರಲ್ಲಿ ಸಾಮಾನ್ಯವಾಗಿ 1,000 ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ನೀರು 38ರಿಂದ 40 ಡಿಗ್ರಿ ಶಾಖದಲ್ಲಿರುತ್ತದೆ. ಅದರ ಮೇಲೂ ಒಂದು ಮುಚ್ಚಳವಿದೆ. ಹಂಡೆಯ ಮುಚ್ಚಳಕ್ಕೆ ಅದು ವಯಸ್ಸಿನಲ್ಲಿ ಕಿರಿದು, ಗಾತ್ರದಲ್ಲಿ ಹಿರಿದು. ಧರ್ಮ ಎರಡಕ್ಕೂ ಒಂದೇ.

ಮುಚ್ಚಳದ ಪ್ರಯೋಜನ ಎರಡು ಬಗೆಯದು. ಮೊದಲನೆಯದು ಶಾಖದ ರಕ್ಷಣೆ. ತೆರೆದ ಬಿಸಿನೀರು ತನ್ನ ಶಾಖವನ್ನು ಬಹುಮಟ್ಟಿಗೆ ಆವಿಯ ಮೂಲಕವೇ ಕಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಕೊಂಡೊಯ್ಯುವ ಶಾಖದಿಂದ 25 ಲೀಟರಿಗೂ ಹೆಚ್ಚು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಬಹುದು. ಮುಚ್ಚದ ಹಂಡೆಯೆಂದರೆ ವ್ಯರ್ಥವಾಗಿ ಉರಿದ ಸೌದೆ. ಮುಚ್ಚದ ತೊಟ್ಟಿಯೆಂದರೆ ವ್ಯರ್ಥವಾಗಿ ಓಡಿದ ವಿದ್ಯುತ್ತು. ಎರಡನೆಯದು ಜೀವರಕ್ಷಣೆ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳುಗಳು ತೆರೆದ ನೀರಿಗೆ ಬಿದ್ದು ಸಾಯುವುದನ್ನು ಎಲ್ಲರೂ ಕಂಡಿದ್ದೇವೆ. ನೀರನ್ನು ಸೋಸಿ ಬಳಸುವ ಶ್ರಾವಕನಿಗೆ ಸೋಸಿದ ಮೇಲೆ ಮುಚ್ಚುವುದು ಏಕೆಂದು ವಿವರಿಸಬೇಕಾಗಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೀರು, ಬೆಂಕಿ, ಸಸ್ಯಗಳಿಗೆ ಹಿಂಸೆ ಮಾಡುವುದನ್ನು ಎಣಿಸುತ್ತದೆ. ಮುಚ್ಚಳ ತೆಗೆದಿಟ್ಟು ಮರೆತುಹೋದ ಒಂದು ಸಂಜೆಯಲ್ಲಿ ಈ ಮೂರೂ ಒಟ್ಟಿಗೆ ನಡೆದುಹೋಗುತ್ತವೆ.

ಇನ್ನು ಮುಚ್ಚಳ ಹೇಗೆ ಕೆಡುತ್ತದೆಂಬುದನ್ನು ನೋಡೋಣ. ಹಂಡೆಯ ಮರದ ಮುಚ್ಚಳಕ್ಕೆ ಶತ್ರು ಹಬೆ. ಕೆಳಮೈ ನೆನೆದು ಹಿಗ್ಗುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ, ಹಲಗೆ ಬಾಗುತ್ತದೆ. ನೆನೆದ ಮುಚ್ಚಳವನ್ನು ಸುಡುಬಿಸಿಲಿಗೆ ಹಾಕಿದರೆ ಸೀಳುತ್ತದೆ. ಸ್ನಾನ ಮುಗಿದ ಮೇಲೆ ಎರಡೂ ಮೈಗೆ ಗಾಳಿ ತಾಗುವಂತೆ ನೆರಳಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದೇ ಮುಚ್ಚಳ ವರ್ಷಗಟ್ಟಲೆ ಬಾಳುತ್ತದೆ. ತಾಮ್ರದ ಮುಚ್ಚಳವನ್ನು ಒದ್ದೆ ನೆಲದ ಮೇಲೆ ಬಿಟ್ಟರೆ ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಒರಸಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ತೊಟ್ಟಿಯ ಹೊಸ ಮುಚ್ಚಳದ ರಚನೆ ಬೇರೆ. ಒಳಗೆ ಥರ್ಮೋಕೋಲಿನ ದಪ್ಪ ಹಲಗೆ, ಅದಕ್ಕೆ ಹಬೆ ತಾಗದಂತೆ ಸುತ್ತಿದ ಪ್ಲಾಸ್ಟಿಕ್ ಹಾಳೆ, ಹೊರಗೆ ಹೊಲಿದ ವಿನೈಲ್ ಹೊದಿಕೆ, ನಡುವೆ ಮಡಿಸಲು ಒಂದು ಸಂದು. ಶಾಖವನ್ನು ತಡೆಯುವುದು ಥರ್ಮೋಕೋಲಿನೊಳಗೆ ಸಿಲುಕಿರುವ ಗಾಳಿ. ಒಳಹಾಳೆ ಒಮ್ಮೆ ಹರಿದರೆ ಹಬೆ ನಿಧಾನವಾಗಿ ಒಳಸೇರಿ, ಗಾಳಿಯಿದ್ದಲ್ಲಿ ನೀರು ಕೂರುತ್ತದೆ. ಆಗ ಮುಚ್ಚಳ ಎತ್ತಲಾರದಷ್ಟು ಭಾರವಾಗುತ್ತದೆ, ಶಾಖವೂ ನಿಲ್ಲುವುದಿಲ್ಲ. ಹೊರಗಿನಿಂದ ನೋಡಿದರೆ ಮಾತ್ರ ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ಕೆಡುಕು ಒಳಗಿನಿಂದ ಬರುವುದರಿಂದಲೇ ಅದರ ಜೋಪಾನವೂ ದಿನದಿನದ ಸಣ್ಣ ಕೆಲಸಗಳಲ್ಲಿದೆ.

ವಾರಕ್ಕೆರಡು ಬಾರಿಯಾದರೂ ಮುಚ್ಚಳವನ್ನು ಪೂರ್ತಿ ತೆರೆದು ಹಬೆ ಹೋಗಲು ಬಿಟ್ಟು ಕೆಳಮೈಯನ್ನು ಒಣಬಟ್ಟೆಯಿಂದ ಒರಸಬೇಕು. ನೀರಿಗೆ ಕ್ಲೋರಿನ್ ಹಾಕಿದೊಡನೆ ಮುಚ್ಚಬಾರದು. ಅದರ ಆವಿ ಮುಚ್ಚಳದ ಕೆಳಮೈಯನ್ನೂ ಹೊಲಿಗೆಯ ದಾರವನ್ನೂ ತಿನ್ನುತ್ತದೆ. ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಹಾಸನ್ನು ಹರಡಿದರೆ ಮುಚ್ಚಳಕ್ಕೆ ತಾಗುವ ಹಬೆ ಕಡಿಮೆಯಾಗುತ್ತದೆ. ಹೊರಮೈಯನ್ನು ಮೃದುವಾದ ಸೋಪಿನ ನೀರಿನಿಂದ ತೊಳೆಯಬೇಕು; ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ ಸಲ್ಲವು. ವನಗೂರಿನಂತಹ ಮಳೆಸೀಮೆಯಲ್ಲಿ ತೊಟ್ಟಿಯ ಮೇಲೆ ಗಾಳಿಯಾಡುವ ಒಂದು ಶೀಟಿನ ಮಾಡಿದ್ದರೆ ಪಾಚಿಯಿಂದಲೂ, ಬೇಸಗೆಯಲ್ಲಿ ವಿನೈಲನ್ನು ಬಿರಿಯಿಸುವ ಬಿಸಿಲಿನಿಂದಲೂ ರಕ್ಷಣೆ ದೊರೆಯುತ್ತದೆ. ಮುಚ್ಚಳದ ಮೇಲೆ ಕೂರುವುದು, ಹೂಕುಂಡ ಇಡುವುದು ಬೇಡ. ಸೂಜಿಯಷ್ಟು ತೂತು ಕಂಡರೂ ಅಂದೇ ತೇಪೆ ಹಚ್ಚಬೇಕು. ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ: ಎಳೆಯಬಾರದು, ಎತ್ತಬೇಕು; ಎಸೆಯಬಾರದು, ಇಡಬೇಕು.

ಈ ಕೊನೆಯ ಮಾತು ನಮಗೆ ಹೊಸದಲ್ಲ. ಆದಾನನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಇದು ಎರಡು ಕಡೆ ಬರುತ್ತದೆ: ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಒಂದಾಗಿ, ಒಂಬತ್ತನೆಯ ಅಧ್ಯಾಯದಲ್ಲಿ ಐದು ಸಮಿತಿಗಳಲ್ಲಿ ಒಂದಾಗಿ. ಇದರ ಉದ್ದೇಶ ಜೀವದಯೆ, ವಸ್ತುರಕ್ಷಣೆಯಲ್ಲ. ಆದರೆ ಆಚರಣೆಯಲ್ಲಿ ಎರಡೂ ಬೇರೆಯಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದ ಅಂಚಿನಡಿ ಜೇಡ, ಇರುವೆ, ಪುಟ್ಟ ಕಪ್ಪೆ ಆಶ್ರಯ ಪಡೆದಿರುತ್ತವೆ. ಒದ್ದೆ ನೆಲದಲ್ಲಿ ಉಂಬಳವೂ ಎರೆಹುಳುವೂ ಇರುತ್ತವೆ. ಮುಚ್ಚುವ ಮೊದಲು ಅಂಚಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದವನಿಗೆ ಕಪ್ಪೆಯೂ ಕಾಣುತ್ತದೆ, ಹೊದಿಕೆಯನ್ನು ಹರಿಯುವ ಮುಳ್ಳೂ ಕಾಣುತ್ತದೆ. ಅವನು ಕಪ್ಪೆಯನ್ನು ಉಳಿಸಿದ, ಮುಚ್ಚಳವೂ ಉಳಿಯಿತು. ನೋಡದೆ ಧಡ್ಡನೆ ಹಾಕಿದವನು ಎರಡನ್ನೂ ಕೆಡಿಸಿದ. ಅಪ್ರಮಾದ ಒಂದೇ, ಅದರ ಫಲ ಜೀವಕ್ಕೂ ಅಜೀವಕ್ಕೂ ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ವಸ್ತುವಿನ ಮೇಲೆ ಇಷ್ಟು ಗಮನವಿಟ್ಟರೆ ಅದೇ ಮೂರ್ಛೆಯಾಗಲಾರದೇ? ಪರಿಗ್ರಹದ ಲಕ್ಷಣವೇ ಮೂರ್ಛೆಯೆಂದು ಅದೇ ಸೂತ್ರಗ್ರಂಥ ಹೇಳಿದೆಯಲ್ಲವೇ? ಇದಕ್ಕೆ ಉತ್ತರವನ್ನು ನಮ್ಮ ಮುನಿಗಳ ಚರ್ಯೆಯಲ್ಲೇ ಕಾಣಬಹುದು. ಸರ್ವಸಂಗಪರಿತ್ಯಾಗಿಗಳಾದ ದಿಗಂಬರ ಮುನಿಗಳ ಬಳಿ ಇರುವುದು ಪಿಂಛಿ, ಕಮಂಡಲು, ಶಾಸ್ತ್ರ, ಇಷ್ಟೇ. ಲೋಕದಲ್ಲಿ ಅತ್ಯಂತ ಕಡಿಮೆ ವಸ್ತುವುಳ್ಳ ಅವರಿಗೇ ವಸ್ತುವನ್ನು ಎತ್ತಿಡುವ ನಿಯಮ ಅತ್ಯಂತ ಕಠಿಣವಾಗಿ ವಿಧಿಸಲ್ಪಟ್ಟಿದೆ. ಜೋಪಾನವು ಮಮಕಾರದ ಗುರುತಾಗಿದ್ದರೆ ಹೀಗಿರುತ್ತಿರಲಿಲ್ಲ. ಕಮಂಡಲುವನ್ನು ಮೆಲ್ಲನೆ ಕೆಳಗಿಡುವ ಮುನಿಗೆ ಅದು ನನ್ನದೆಂಬ ಭಾವವಿಲ್ಲ. ಇಡುವ ನೆಲದಲ್ಲಿ ಜೀವವಿದ್ದೀತೆಂಬ ಎಚ್ಚರವಿದೆ. ಎಚ್ಚರ ಬೇರೆ, ಅಂಟು ಬೇರೆ.

ಎರಡನ್ನೂ ಗುರುತಿಸುವ ಒರೆಗಲ್ಲೂ ಸುಲಭವಾದುದೇ. ಮುಚ್ಚಳ ಒಡೆದಾಗ ನಮ್ಮ ಮನಸ್ಸಿನಲ್ಲಿ ಏನು ಏಳುತ್ತದೆ? ಒಡೆದವರ ಮೇಲೆ ಕ್ರೋಧ ಎದ್ದರೆ ಅಲ್ಲಿದ್ದುದು ಮೂರ್ಛೆ. ಏನೂ ಏಳದೆ, ಪೇಟೆಯಿಂದ ಇನ್ನೊಂದು ತಂದರಾಯಿತೆಂಬ ಮಾತು ಬಂದರೆ ಅಲ್ಲಿದ್ದುದು ವೈರಾಗ್ಯವಲ್ಲ, ಹಣದ ಬಲದ ಮೇಲಿನ ಪ್ರಮಾದ. ಈ ಎರಡನೆಯದನ್ನು ನಾವು ಎಷ್ಟೋ ವೇಳೆ ನಿರ್ಮೋಹವೆಂದು ಭ್ರಮಿಸುತ್ತೇವೆ. ಕೆಟ್ಟುದನ್ನು ಎಸೆದವನು ಮರುದಿನವೇ ಹೊಸದನ್ನು ಕೊಳ್ಳುತ್ತಾನೆ. ಒಂದರ ಬದಲು ಎರಡು ವಸ್ತುಗಳ ಆರಂಭದೋಷ ಅವನ ಪಾಲಿಗೆ ಬರುತ್ತದೆ.

ಆದರೂ ಜೋಪಾನ ಎಲ್ಲಕ್ಕೂ ಸಮಾಧಾನವಲ್ಲ. ತೊಟ್ಟಿಯೇ ಬೇಕಿತ್ತೇ ಎಂಬ ಪ್ರಶ್ನೆಯನ್ನು ಮುಚ್ಚಳದ ಅಡಿ ಮುಚ್ಚಿಡಲಾಗದು. ಭೋಗೋಪಭೋಗ ಪರಿಮಾಣವ್ರತ ಕೇಳುವುದು ಅದನ್ನೇ. ಒಂದು ಸ್ನಾನಕ್ಕೆ ಎರಡು ಬಕೆಟ್ಟು ಬಿಸಿನೀರು ಸಾಲುವಾಗ 1,000 ಲೀಟರನ್ನು ಹಗಲಿರುಳು ಬಿಸಿಯಾಗಿಡುವುದು ಅಗತ್ಯವೇ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಕೊಂಡ ಮೇಲೆ ಉಳಿಯುವ ಕರ್ತವ್ಯ ಜೋಪಾನದ್ದು. ಅದು ಮೊದಲಿನ ಅತಿರೇಕವನ್ನು ಪುಣ್ಯವಾಗಿ ಪರಿವರ್ತಿಸುವುದಿಲ್ಲ. ಅದರ ಮೇಲೆ ಇನ್ನೊಂದು ಅತಿರೇಕ ಸೇರದಂತೆ ತಡೆಯುತ್ತದೆ, ಅಷ್ಟೇ.

ಇನ್ನೊಂದು ಮಾತನ್ನು ಹೇಳದೆ ಈ ವಿಚಾರ ಪೂರ್ಣವಾಗದು. ಮುಚ್ಚಳವನ್ನು ಎತ್ತಿಡುವವರು ಬಹುಮಟ್ಟಿಗೆ ಮಾಲೀಕರಲ್ಲ, ಕೆಲಸದವರು. ಹಬೆ ಕುಡಿದು ಭಾರವಾದ ಮುಚ್ಚಳವನ್ನು ಜಾರುವ ಕಲ್ಲಿನ ಮೇಲೆ ಒಬ್ಬಳೇ ಹೆಂಗಸು ಎತ್ತಬೇಕಾದಾಗ ಆಕೆ ಎಳೆಯದೆ ಬೇರೆ ದಾರಿಯಿಲ್ಲ. ಅಂಚು ಹರಿಯುತ್ತದೆ, ಅಜಾಗರೂಕತೆಯೆಂಬ ಬೈಗುಳ ಆಕೆಗೆ, ಸಂಬಳದಲ್ಲಿ ಕಡಿತವೂ ಆಕೆಗೆ. ವಸ್ತುವಿನ ಆಯುಷ್ಯವನ್ನು ಹೆಚ್ಚಿಸಲು ಮನುಷ್ಯರ ಬೆನ್ನನ್ನು ಸವೆಸುವುದು ಯಾವ ಅಹಿಂಸೆ? ಎತ್ತಲು ಇಬ್ಬರನ್ನು ನೇಮಿಸುವುದು, ಹಿಡಿಕೆ ಸರಿಯಾಗಿಡುವುದು, ಇಡಲು ಒಣ ಜಾಗವೊಂದನ್ನು ಮಾಡಿಕೊಡುವುದು, ಕ್ರಮವನ್ನು ಸಮಾಧಾನದಿಂದ ತಿಳಿಸುವುದು ಯಜಮಾನನ ಪಾಲಿನ ಸಮಿತಿ. ಅದನ್ನು ಪಾಲಿಸದವನಿಗೆ ಕೆಲಸದವರ ಪ್ರಮಾದವನ್ನು ಎಣಿಸುವ ಅಧಿಕಾರವಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ಮನಗಾಣುವುದು ಒಳಿತು. ಯಾತ್ರಿಕರ ಬಿಸಿನೀರಿಗಾಗಿ ಹಂಡೆ, ಬಾಯ್ಲರು, ಸೋಲಾರ್ ತೊಟ್ಟಿಗಳನ್ನು ದಾನಿಗಳು ಶ್ರದ್ಧೆಯಿಂದ ಕೊಡುತ್ತಾರೆ. ದಾನಿಯ ಹೆಸರಿನ ಫಲಕ ಹೊಳೆಯುತ್ತಿರುತ್ತದೆ, ಅದರ ಕೆಳಗಿನ ಮುಚ್ಚಳ ಒಂದೇ ಮಳೆಗಾಲಕ್ಕೆ ಕೆಟ್ಟಿರುತ್ತದೆ. ದಾನ ಪಡೆದಾಗಲೇ ಅದರ ಪಾಲನೆಯ ಹೊಣೆಯನ್ನೂ ಪಡೆದಂತಾಯಿತು. ಹೊಸದನ್ನು ಕೊಡಿಸುವ ದಾನಿಗಳು ಸಿಗುತ್ತಾರೆ. ಇದ್ದುದರ ರಿಪೇರಿಗೆ ಹಣ ಕೊಡುವವರು ವಿರಳ. ವಾರ್ಷಿಕ ಲೆಕ್ಕದಲ್ಲಿ ಜೋಪಾನಕ್ಕೆಂದು ಒಂದು ಸಣ್ಣ ಮೊತ್ತವನ್ನೂ, ಅದನ್ನು ನೋಡಿಕೊಳ್ಳಲು ಒಬ್ಬರನ್ನೂ ನಿಗದಿಪಡಿಸಿದರೆ ಸಾಕು. ಅಂತಹ ಕೆಲಸಕ್ಕೆ ಹಣ ನೀಡುವುದೂ ದಾನವೇ ಎಂದು ಸಮಾಜಕ್ಕೆ ತಿಳಿಸಬೇಕು.

ಎಷ್ಟೇ ಜೋಪಾನ ಮಾಡಿದರೂ ವಸ್ತು ಒಂದು ದಿನ ಮುಗಿಯುತ್ತದೆ. ಪುದ್ಗಲದ ಸ್ವಭಾವವೇ ಹಾಗೆ. ತಾಮ್ರ ಕರಗಿ ಮತ್ತೊಂದು ಪಾತ್ರೆಯಾಗುತ್ತದೆ, ಮರ ಒಲೆಗೆ ಸಲ್ಲುತ್ತದೆ. ಥರ್ಮೋಕೋಲು, ವಿನೈಲು ಮಣ್ಣಿಗೆ ಕರಗವು. ಸುಟ್ಟರೆ ಆಮ್ಲದ ಹೊಗೆ, ಹಳ್ಳಕ್ಕೆ ಎಸೆದರೆ ನೀರಿನ ಜೀವಿಗಳಿಗೆ ಕೇಡು. ಹೋಗಲು ಜಾಗವಿಲ್ಲದ ವಸ್ತುವನ್ನು ಬೇಗನೆ ಕೆಡಿಸುವುದು ಆದ್ದರಿಂದಲೇ ಹೆಚ್ಚಿನ ದೋಷ. ಆದುದರಿಂದ ಧರ್ಮಬಂಧುಗಳು ಕೊಳ್ಳುವ ಮೊದಲು ಪರಿಮಾಣವನ್ನೂ, ಕೊಂಡ ಮೇಲೆ ಸಮಿತಿಯನ್ನೂ, ಕೆಟ್ಟಾಗ ಶಾಂತಿಯನ್ನೂ ಪಾಲಿಸಲಿ. ಇಂದು ಸಂಜೆ ಬಚ್ಚಲ ಹಂಡೆಯನ್ನು ಮುಚ್ಚುವಾಗ ಒಮ್ಮೆ ಅಂಚನ್ನು ನೋಡಿ ಮುಚ್ಚಲಿ. ಆರಂಭಕ್ಕೆ ಅಷ್ಟು ಸಾಕು.