ಹುಲಿಯನ್ನು ಯಾವಾಗ ತೋರಿಸಬೇಕು?

ವಿಷಯ: ಕೊಡಗಿನ ಕಾಫಿ ತೋಟದಲ್ಲಿ, ದೊಡ್ಡ ನಿರ್ಮಾಪಕರ ಹಂಗಿಲ್ಲದೆ, ಕೈಯಲ್ಲಿರುವ ಅಲ್ಪ ಹಣದಲ್ಲಿ ಮೃಗದ ಭಯದ ಸಿನಿಮಾ ಮಾಡುವುದು. ಮೃಗ ಹುಲಿಯೇ ಇರಲಿ. ಇಲ್ಲದ ಜಂತುವನ್ನು ಹುಟ್ಟಿಸುವ ದರ್ದು ಕೊಡಗಿಗಿಲ್ಲ. ಸಂಶಯ: ಅದನ್ನು ತೆರೆಯ ಮೇಲೆ ತೋರಿಸಬೇಕೋ, ಬೇಡವೋ?

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಜೀವಂತವಿರುವಾಗ ತೋರಿಸಕೂಡದು. ಸತ್ತ ಮೇಲೆ ಹಾಡಹಗಲಲ್ಲಿ, ಮೂತಿಯಿಂದ ಬಾಲದವರೆಗೆ ತೋರಿಸಬೇಕು.

ಪೂರ್ವಪಕ್ಷಿ ಕೇಳುತ್ತಾನೆ: ಮರೆಮಾಚುವುದು ದುಡ್ಡಿಲ್ಲದವರ ನೆಪವಲ್ಲವೇ? ಟಿಕೆಟ್ ತೆಗೆದುಕೊಂಡವನು ಹುಲಿ ನೋಡಲು ಬಂದಿದ್ದಾನೆ, ಪೊದೆ ಅಲ್ಲಾಡುವುದನ್ನಲ್ಲ. ಅರ್ಧ ನಿಜ. 1942ರ ‘ಕ್ಯಾಟ್ ಪೀಪಲ್’ನಲ್ಲಿ ನಿರ್ಮಾಪಕ ವಾಲ್ ಲ್ಯೂಟನ್ ಮೃಗವನ್ನು ನೆರಳಿಗೆ ತಳ್ಳಿದ್ದರ ಹಿಂದೆ ಸಣ್ಣ ಬಜೆಟ್ಟೂ ಇತ್ತು. 1975ರ ‘ಜಾಸ್’ಗೆ ದುಡ್ಡಿತ್ತು, ಯಾಂತ್ರಿಕ ಶಾರ್ಕ್ ಸಮುದ್ರದಲ್ಲಿ ಪದೇಪದೇ ಕೆಟ್ಟು ಕೂತದ್ದರಿಂದ ಸ್ಪೀಲ್‌ಬರ್ಗ್ ಅದನ್ನು ಬಹುಹೊತ್ತು ಕಾಣಿಸದೆ ಕಥೆ ನಡೆಸಬೇಕಾಯಿತು. ನಮ್ಮ ‘6-5=2’ (2013) ಚಾರಣಿಗರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ಹೂಟದಿಂದಲೇ ಕಡಿಮೆ ಖರ್ಚಿನಲ್ಲಿ ಜನರನ್ನು ಹೆದರಿಸಿತು.

ಕೊಡಗಿನಲ್ಲಾದರೆ ಬಡತನಕ್ಕಿಂತ ಗಟ್ಟಿ ಕಾರಣವಿದೆ. ತೋಟದವರಿಗೆ ಹುಲಿ ಗೊತ್ತಿರುವುದೇ ಗುರುತುಗಳಲ್ಲಿ. ಕೊಟ್ಟಿಗೆಯಲ್ಲಿ ತುಂಡಾದ ಹಗ್ಗ. ಸಿಲ್ವರ್ ಓಕಿನ ಒಣ ಎಲೆ ಸರಿದು, ಕಾಫಿ ಗಿಡಗಳ ನಡುವೆ ಏನನ್ನೋ ಎಳೆದೊಯ್ದ ಜಾಡು. ಗದ್ದೆಯ ಕೆಸರಿನಲ್ಲಿ ಉಗುರು ಮೂಡದ ಹೆಜ್ಜೆ. ಆ ಹೆಜ್ಜೆಯೊಳಗೆ ನಿಂತ ನೀರು ತಿಳಿಯಾಗಿದ್ದರೆ ಹುಲಿ ಹೋಗಿ ಹೊತ್ತಾಗಿದೆ. ಇನ್ನೂ ಕಲಕಿದಂತಿದ್ದರೆ ಈಗಷ್ಟೇ ದಾಟಿದೆ. ಕಲಕಿದ ನೀರಿನ ಒಂದು ಕ್ಲೋಸಪ್ಪಿಗೆ ಎಷ್ಟು ಖರ್ಚಾದೀತು? ಅಂದ ಹಾಗೆ, ಬೇಟೆಗೆ ಹೊರಟ ಹುಲಿ ಗರ್ಜಿಸುವುದಿಲ್ಲ. ದೂರದಲ್ಲಿ ಕಡವೆ ಒಮ್ಮೆ ಕೂಗಿದರೆ ಸಾಕು. ಪೊದೆಪೊದೆಗೂ ಗರ್ಜನೆ ಅಂಟಿಸುವ ಸೌಂಡ್ ಎಂಜಿನಿಯರನ್ನು ಊಟ ಹಾಕಿ ಬಸ್ಸು ಹತ್ತಿಸುವುದು ಲೇಸು.

ಹಿಂದಿನವರ ಹಾಗೆ ಪಳಗಿದ ಹುಲಿಯನ್ನೇ ತರಬಹುದಲ್ಲ ಎಂಬ ಮಾತು ನಿಲ್ಲದು. ಹುಲಿಯನ್ನು ಪಳಗಿಸಿ ಪ್ರದರ್ಶಿಸುವುದಕ್ಕೆ ಕೇಂದ್ರ ಸರ್ಕಾರ 1998ರಲ್ಲೇ ತಡೆ ಹಾಕಿದೆ.

ನಿಜವಾಗಿ ಕಾಡುವ ಆಕ್ಷೇಪ ಬೇರೆ. 2023ರ ಫೆಬ್ರವರಿಯಲ್ಲಿ ಕುಟ್ಟದ ಬಳಿ, ಒಂದು ದಿನದ ಅಂತರದಲ್ಲಿ ಹುಲಿ ಇಬ್ಬರನ್ನು ಕೊಂದಿತು. ತೋಟದ ಕೆಲಸಕ್ಕೆ ಬಂದಿದ್ದ ಕುಟುಂಬದವರು. ಇಂಥ ಸಾವು ನಡೆದ ನೆಲದಲ್ಲಿ ಹುಲಿಯ ಭಯವನ್ನು ಮನರಂಜನೆಗೆ ಮಾರುವುದು ಸರಿಯೇ?

ಹೋಂಸ್ಟೇ ಅತಿಥಿಗಳ ಕಥೆಯಾದರೆ ಸರಿಯಲ್ಲ. ಅಂಥ ಚಿತ್ರದಲ್ಲಿ ಕೂಲಿಯವನು ಮೊದಲ ಐದು ನಿಮಿಷದಲ್ಲಿ ಸಾಯುತ್ತಾನೆ, ಮೃಗವಿದೆಯೆಂದು ಸಾಬೀತು ಮಾಡಲಷ್ಟೇ. ಆಮೇಲೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಕಥೆ ಕೂಲಿಯವರ ಲೈನ್‌ಮನೆಯಿಂದ ಹೊರಡಲಿ. ರಾತ್ರಿ ಹುಲಿ ಓಡಾಡಿದೆಯೆಂದು ಗೊತ್ತಿದ್ದೂ ಬೆಳಿಗ್ಗೆ ಕೊಯ್ಲಿಗೆ ಇಳಿಯಬೇಕಾದವರು ಅಲ್ಲಿರುವವರು. ಒಂದು ದಿನ ತಪ್ಪಿದರೆ ಕೂಲಿ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಕರೆಯುತ್ತಾ ಒಂದು ಹೆಸರಿಗೆ ಓಗೊಡುವವರಿಲ್ಲದೆ, ತಲೆಯೆತ್ತದೆ ಮುಂದಿನ ಹೆಸರಿಗೆ ಹೋಗುವುದು: ಇದರಷ್ಟು ಭಯಂಕರ ದೃಶ್ಯ ನನಗಂತೂ ಹೊಳೆಯುತ್ತಿಲ್ಲ. ಇದಕ್ಕೆ ಹುಲಿಯೂ ಬೇಡ.

ಹಾಗಾದರೆ ಸತ್ತದ್ದನ್ನಾದರೂ ಏಕೆ ತೋರಿಸಬೇಕು? ಏಕೆಂದರೆ ಕೊಡವರಲ್ಲಿ ‘ನರಿ ಮಂಗಲ’ವಿತ್ತು. ನರಿಯೆಂದರೆ ಅವರ ಭಾಷೆಯಲ್ಲಿ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕೂರಿಸಿ, ನೆಂಟರಿಷ್ಟರು ಅಕ್ಕಿ ಹಾಕಿ ಹರಸುತ್ತಿದ್ದರು. ಅಲುಗದ ಹುಲಿಯನ್ನು ಒಳ್ಳೆಯ ಕುಶಲಕರ್ಮಿ ಮಾಡಿಕೊಟ್ಟಾನು. ಓಡುವ ಹುಲಿಗಷ್ಟೇ ಗ್ರಾಫಿಕ್ಸ್ ಕಂಪನಿಯ ಬಾಗಿಲು ತಟ್ಟಬೇಕು. ಚಿತ್ರವಿಡೀ ಕಾಣದಿದ್ದ ಮೃಗ ಇಲ್ಲಿ ಮೊದಲ ಸಲ ಕಾಣುತ್ತದೆ, ಅದೂ ಮದುವೆಯ ಹೆಣ್ಣಾಗಿ.

ಬೇಟೆಯ ವೈಭವೀಕರಣವಾಯಿತಲ್ಲ ಎಂದರೆ, ಮದುಮಗನ ಮುಖ ನೋಡಿ ಎನ್ನುತ್ತೇನೆ. ಎಲ್ಲರೂ ಹರಸುತ್ತಿದ್ದಾರೆ, ತನ್ನನ್ನು ಯಾವುದಕ್ಕೆ ಕಟ್ಟಿಹಾಕಿದರೆಂದು ಅವನೊಬ್ಬನಿಗೇ ಅರ್ಥವಾಗಿದೆ. ಕಥೆಯ ಕಾಲ ಮಾತ್ರ 1972ರ ವನ್ಯಜೀವಿ ಕಾಯ್ದೆಗೆ ಹಿಂದಿನದಾಗಿರಬೇಕು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲವೆಂಬ ಸವಕಲು ದೃಶ್ಯವೂ ಅದರಿಂದ ತಪ್ಪುತ್ತದೆ.