ಅರಿವನ್ನು ಕಸಿದವರ ಹೊಣೆ

ಬೈಂದೂರು ತಾಲೂಕಿನ ಕೊಲ್ಲೂರಿನ ಸುತ್ತ ಹಬ್ಬಿರುವ ಮೂಕಾಂಬಿಕಾ ವನ್ಯಜೀವಿಧಾಮದ ಘಟ್ಟದ ಕಾಡು ಕಾಡುಕೋಣಗಳ ನೆಲೆಯಾಗಿದೆ. ನೀರು ಮೇವುಗಳನ್ನರಸಿ ಅವು ಕುಂದಾಪುರ, ಬ್ರಹ್ಮಾವರಗಳ ಕಡೆಯ ತೋಟ ಗದ್ದೆಗಳಿಗೆ ಇಳಿಯುವುದುಂಟು. ಊರ ನಡುವೆ ಸಿಲುಕಿದ ಇಂತಹ ಪ್ರಾಣಿಯನ್ನು ಕೆಲವೊಮ್ಮೆ ದೂರದಿಂದ ಅರಿವಳಿಕೆಯ ಮದ್ದನ್ನು ಹಾರಿಸಿ ಹಿಡಿಯಬೇಕಾಗುತ್ತದೆ. ಇದು ದಯೆಯೋ, ಹಿಂಸೆಯೋ?

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನವೇ ಮೊದಲನೆಯದು. ಆದರೆ ಪ್ರಮಾದದಿಂದ ಪ್ರಾಣಕ್ಕೆ ಹಾನಿಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಆದುದರಿಂದ ಕಟ್ಟಿದ್ದು ಮಾತ್ರವಲ್ಲ, ಎಷ್ಟು ಎಚ್ಚರದಿಂದ ಕಟ್ಟಿದರೆಂಬುದೂ ವಿಚಾರಾರ್ಹವಾಗಿದೆ. ಸದುದ್ದೇಶವೊಂದೇ ಸಾಲದು. 2020ರ ಮೇ ತಿಂಗಳಲ್ಲಿ ಮಂಗಳೂರು ನಗರದೊಳಗೆ ಬಂದ ಕಾಡುಕೋಣವೊಂದನ್ನು ಅರಿವಳಿಕೆ ನೀಡಿ ಹಿಡಿದು ಕಾಡಿಗೆ ಸಾಗಿಸಲಾಯಿತು. ಅದು ಬದುಕಿ ಉಳಿಯಲಿಲ್ಲ.

ಮೆಲುಕು ಹಾಕುವ ಪ್ರಾಣಿಗೆ ಅರಿವಳಿಕೆಯು ವಿಶೇಷ ಅಪಾಯಕಾರಿ. ಪಕ್ಕಕ್ಕೆ ಒರಗಿ ಬಿದ್ದರೆ ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಮೇಲಕ್ಕೆ ಬಂದ ಮೇವು ಶ್ವಾಸನಾಳವನ್ನು ಸೇರಬಹುದು. ಅದಕ್ಕಾಗಿ ಅದನ್ನು ಎದೆಯ ಮೇಲೆ ಕೂರಿಸಿ, ಕಣ್ಣುಗಳನ್ನು ಮುಚ್ಚಿ, ಉಸಿರನ್ನೂ ಮೈಶಾಖವನ್ನೂ ನೋಡುತ್ತಿರಬೇಕು. ಅಟ್ಟಿಸಿಕೊಂಡು ಓಡಿದ ಪ್ರಾಣಿಯ ಸ್ನಾಯುಗಳು ಕ್ಷಯಿಸಿ, ದಿನಗಳ ಬಳಿಕವೂ ಸಾವು ಬರಬಹುದು.

ಇನ್ನು ಮರುಮದ್ದಿನ ವಿಷಯ. ಎಟಾರ್ಫಿನ್ ಎಂಬ ಔಷಧವು ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಪ್ರಬಲವಾದುದು. ನಾಲ್ಟ್ರೆಕ್ಸೋನ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಎದ್ದು ನಿಲ್ಲುತ್ತದೆ. ಜೈಲಜಿನ್‌ಗೆ ಯೋಹಿಂಬಿನ್ ಮರುಮದ್ದು. ಅದರೊಡನೆ ಬಳಸುವ ಕೆಟಮಿನ್‌ಗೆ ಮಾತ್ರ ಅಂತಹದಿಲ್ಲ, ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ತೀರಿಸುವ ದಾರಿ ಕಾಣದೆ ಸಾಲ ಪಡೆಯುವುದು ವ್ಯಾಪಾರಧರ್ಮವಲ್ಲ. ಮರುಮದ್ದನ್ನೂ ಕಾಯುವ ತಾಳ್ಮೆಯನ್ನೂ ಸಿದ್ಧಪಡಿಸಿಕೊಳ್ಳದೆ ಜೀವವೊಂದರ ಅರಿವನ್ನು ಕಸಿಯುವುದೂ ಅಂತಹುದೇ.

ಅಹಿಂಸಾವ್ರತದ ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ಎತ್ತುವಾಗ ಇರುವಷ್ಟೇ ಎಚ್ಚರ ಇಡುವಾಗಲೂ ಇರಬೇಕೆಂಬುದು ಅದರ ಆಶಯ. ಪುಸ್ತಕ, ಪಾತ್ರೆಗಳಿಗೆ ಸಲ್ಲುವ ಈ ನಿಯಮವು ಪಂಚೇಂದ್ರಿಯ ಜೀವಿಗೆ ಸಲ್ಲದೆ? ಹಿಡಿದುದನ್ನು ಸುರಕ್ಷಿತವಾಗಿ ಮರಳಿ ಕಾಡಿನಲ್ಲಿ ನಿಲ್ಲಿಸಿದಾಗಲೇ ಕಾರ್ಯ ಮುಗಿಯಿತು. ಇದು ಅಸಾಧ್ಯವೇನೂ ಅಲ್ಲ. 2011 ಮತ್ತು 2012ರಲ್ಲಿ ಪೂರ್ವಸಿದ್ಧತೆಯೊಡನೆ 50 ಕಾಡುಕೋಣಗಳನ್ನು ಮಧ್ಯಪ್ರದೇಶದ ಕಾನ್ಹಾದಿಂದ, ಅವು ನಶಿಸಿಹೋಗಿದ್ದ ಬಾಂಧವಗಢಕ್ಕೆ ಸಾಗಿಸಿ ನೆಲೆಗೊಳಿಸಲಾಯಿತು. ಪ್ರಾಣಿಗೆ ಕನಿಷ್ಠ ಆಘಾತವಾಗುವಂತೆ ಹಿಡಿಯಬೇಕೆಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆದೇಶವೂ ಹೌದು.

ಆದರೆ ಹೊಣೆಯು ವೈದ್ಯರದೂ ಅರಣ್ಯ ಸಿಬ್ಬಂದಿಯದೂ ಮಾತ್ರವೆಂದು ತಿಳಿಯಬಾರದು. 2020ರ ಡಿಸೆಂಬರ್ 9ರಂದು ಪುಣೆಯ ಕೋಥ್ರೂಡಿನಲ್ಲಿ ಕಾಡುಕೋಣವೊಂದರ ಹಿಂದೆ ಜನ ಗಂಟೆಗಟ್ಟಲೆ ನೆರೆದರು. ಬೆದರಿ ಓಡಿ ದಣಿದಿದ್ದ ಆ ಪ್ರಾಣಿ, ಅರಿವಳಿಕೆ ನೀಡಿ ಹಿಡಿದ ಬಳಿಕ ಅಸುನೀಗಿತು. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರಾಗಿ ಎಣಿಸುವ ಶ್ರಾವಕನು, ಕೂಗುವ ಗುಂಪಿನಲ್ಲಿ ಒಬ್ಬನಾಗಿ ನಿಂತ ಮೇಲೆ ತಾನು ನಿರ್ದೋಷಿಯೆನ್ನಲಾರನು. ಮನೆಯ ಮಕ್ಕಳನ್ನು ಅಲ್ಲಿಂದ ಹಿಂದಕ್ಕೆ ಕರೆದುಕೊಳ್ಳುವುದೂ ಒಂದು ವ್ರತಪಾಲನೆಯೇ.

ಅರಿವಳಿಕೆಯೇ ಬೇಡವಾಗುವಂತೆ ಮಾಡುವುದು ಇನ್ನೂ ಮೇಲು. ಕಾಡಿನಂಚಿನಲ್ಲಿ ಭೂಮಿಯುಳ್ಳ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಈ ಬೇಸಿಗೆಗೆ ಮುನ್ನ ತಮ್ಮ ತೆರೆದ ಬಾವಿಗಳನ್ನು ಎಣಿಸಿ, ಅವಕ್ಕೆ ಕಟ್ಟೆ ಕಟ್ಟಿಸಬಹುದು. ಅದರ ವೆಚ್ಚವನ್ನು ಅಭಯದಾನದ ಲೆಕ್ಕಕ್ಕೆ ಬರೆಯಲು ಯಾರ ಆಕ್ಷೇಪವೂ ಇರಲಾರದು.