ಶ್ರೀ ಅಕ್ಷೋಭ್ಯತೀರ್ಥರ ಜಯಶ್ಲೋಕ: ಒಂದು ಪಾಠವಿಚಾರ

ಮಾರ್ಗಶಿರ ಬಹುಳ ಪಂಚಮಿಯು ಶ್ರೀ ಅಕ್ಷೋಭ್ಯತೀರ್ಥ ಶ್ರೀಪಾದಂಗಳವರ ಆರಾಧನೆಯ ಪುಣ್ಯದಿನ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರೂ, ಶ್ರೀ ಟೀಕಾಕೃತ್ಪಾದರ ಗುರುಗಳೂ ಆದ ಈ ಮಹನೀಯರ ಬೃಂದಾವನವು ಮಳಖೇಡದಲ್ಲಿ ಕಾಗಿಣಾ ನದಿಯ ತೀರದಲ್ಲಿದೆ. ಆ ದಿನದ ಪ್ರವಚನದಲ್ಲಿ ಮುಳಬಾಗಿಲಿನ ವಾದದ ಪ್ರಸ್ತಾಪ ಬಾರದೆ ಇರುವುದು ಅಪರೂಪ. ಶ್ರೀ ವಿದ್ಯಾರಣ್ಯರಿಗೂ ಶ್ರೀಗಳವರಿಗೂ ‘ತತ್ತ್ವಮಸಿ’ ವಾಕ್ಯದ ಅರ್ಥದ ಮೇಲೆ ವಾದ ನಡೆಯಿತೆಂದೂ, ಉಭಯ ಪಕ್ಷಗಳ ಯುಕ್ತಿಗಳನ್ನು ಬರೆಸಿ ಶ್ರೀ ವೇದಾಂತದೇಶಿಕರಿಗೆ ಕಳುಹಿಸಲಾಯಿತೆಂದೂ, ಅವರು ತಮ್ಮ ತೀರ್ಪನ್ನು ಒಂದು ಶ್ಲೋಕದಲ್ಲಿ ಬರೆದು ಕಳುಹಿಸಿದರೆಂದೂ ನಾವೆಲ್ಲರೂ ಕೇಳುತ್ತ ಬಂದಿದ್ದೇವೆ.

ಆ ಶ್ಲೋಕದ ತಾತ್ಪರ್ಯವು ಆಬಾಲವೃದ್ಧರಿಗೂ ತಿಳಿದದ್ದೇ. ಪರಮಾತ್ಮನನ್ನೂ ಜೀವನನ್ನೂ ಬೇರ್ಪಡಿಸಿ ತೋರಿಸುವ ತತ್ತ್ವಮಸಿ ಎಂಬ ಖಡ್ಗದಿಂದ, ವಿದ್ಯಾರಣ್ಯರೆಂಬ ಮಹಾರಣ್ಯವನ್ನು ಅಕ್ಷೋಭ್ಯಮುನಿಗಳು ಕಡಿದರು ಎಂಬುದು ಅದರ ಅರ್ಥ. ‘ಅಸಿ’ ಎಂದರೆ ‘ಆಗಿದ್ದೀಯೆ’ ಎಂದೂ ಆಗುವುದು, ಕತ್ತಿ ಎಂದೂ ಆಗುವುದು. ಈ ಶ್ಲೇಷವೇ ಅದರ ಜೀವಾಳ. ಆದರೆ ಅದ್ವೈತಸಂಪ್ರದಾಯದವರಲ್ಲಿ ಇದೇ ತೀರ್ಪು ವಿಪರೀತವಾಗಿ ಪ್ರಚಾರದಲ್ಲಿದೆ. ಕ್ಷೋಭೆಗೊಳ್ಳದವರೆಂಬ ಹೆಸರುಳ್ಳ ಅಕ್ಷೋಭ್ಯರನ್ನೇ ಮಹಾಮುನಿಗಳಾದ ವಿದ್ಯಾರಣ್ಯರು ಕ್ಷೋಭೆಗೊಳಿಸಿದರು ಎಂಬರ್ಥದ ಸಾಲನ್ನು ಅವರು ಪಠಿಸುವರು. ಅದೂ ಹೆಸರಿನ ಮೇಲಿನ ಚಮತ್ಕಾರವೇ. ನಮ್ಮ ಮಕ್ಕಳು ಸ್ಮಾರ್ತ ಸ್ನೇಹಿತರ ಮನೆಯಲ್ಲಿ ಇದನ್ನು ಕೇಳಿಕೊಂಡು ಬಂದು, “ಯಾವುದು ನಿಜ?” ಎಂದು ಪ್ರಶ್ನಿಸಿದರೆ ಹಿರಿಯರು ಏನೆಂದು ಉತ್ತರಿಸಬೇಕು? “ಅವರು ತಿದ್ದಿದ್ದಾರೆ” ಎಂದು ಗದರಿಸಿಬಿಡುವುದು ಸುಲಭ. ಆ ಮನೆಯ ಹಿರಿಯರೂ ನಮ್ಮನ್ನು ಕುರಿತು ಅದೇ ಮಾತನ್ನು ಆಡಬಲ್ಲರು.

ಮೊದಲು ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಈ ಶ್ಲೋಕವು ದೇಶಿಕರ ಪ್ರಸಿದ್ಧ ಗ್ರಂಥಗಳಲ್ಲಿ ಸೇರಿದ್ದಲ್ಲ. ಬಿಡಿ ಶ್ಲೋಕವಾಗಿ ಬಾಯಿಂದ ಬಾಯಿಗೆ ಬಂದದ್ದು. ಇಂತಹ ಶ್ಲೋಕವನ್ನು ಪಾಠಾಂತರದಿಂದ ಕಾಪಾಡಲು ವ್ಯಾಖ್ಯಾನವಿಲ್ಲ, ಅಧ್ಯಯನಪರಂಪರೆಯಿಲ್ಲ. ಕಥೆಯ ವಿವರಗಳಲ್ಲಿಯೂ ಸಡಿಲುಗಳುಂಟು. ತೀರ್ಪಿಗಾಗಿ ಶ್ರೀರಂಗಕ್ಕೆ ಕಳುಹಿಸಿದರೆಂದು ಸಾಮಾನ್ಯವಾಗಿ ಹೇಳುವೆವು. ಆದರೆ 1323ರ ತುರುಕರ ದಾಳಿಯ ಕಾಲದಲ್ಲಿ ದೇಶಿಕರು ಶ್ರೀರಂಗವನ್ನು ಬಿಟ್ಟು ನಮ್ಮ ಕೊಳ್ಳೇಗಾಲದ ಸಮೀಪದ ಸತ್ಯಾಗಾಲದಲ್ಲಿ ಬಹುಕಾಲ ಇದ್ದರೆಂಬುದು ಶ್ರೀವೈಷ್ಣವರ ಸಂಪ್ರದಾಯ. ರಂಗನಾಥನ ಉತ್ಸವಮೂರ್ತಿಯನ್ನು ವಿಜಯನಗರದ ಅಧಿಕಾರಿ ಗೋಪಣ್ಣನು ಶ್ರೀರಂಗದಲ್ಲಿ ಮರಳಿ ಪ್ರತಿಷ್ಠಿಸಿದ್ದು 1371ರಲ್ಲಿ. ಮಠದ ಪರಂಪರೆಯಂತೆ ಅಕ್ಷೋಭ್ಯತೀರ್ಥರು ಬೃಂದಾವನಸ್ಥರಾದದ್ದು ಅದಕ್ಕೂ ಮೊದಲು, 1365ರ ಸುಮಾರಿಗೆ. ಹಾಗಾದರೆ ಆ ಪತ್ರವನ್ನು ಹೊತ್ತವನು ನಡೆದ ದಾರಿ ಕಾವೇರಿಯ ಕೆಳದಂಡೆಗೋ, ಸತ್ಯಾಗಾಲಕ್ಕೋ? ಕಥೆಯನ್ನು ಹೇಳಿದವರು ದೇಶಿಕರೆಂದೊಡನೆ ಶ್ರೀರಂಗವೆಂದು ಜೋಡಿಸಿರುವುದು ಸಹಜ. ಇದರಿಂದ ವಾದವೇ ನಡೆಯಲಿಲ್ಲವೆಂದು ಆಗದು. ಜನರ ನೆನಪು ಯಾವ ರೀತಿ ಕೆಲಸ ಮಾಡುವುದೆಂದು ತಿಳಿಯುವುದು, ಅಷ್ಟೆ.

ಇನ್ನು ಪಾಠದ ವಿಷಯ. ನಮ್ಮ ಪಾಠದಲ್ಲಿ ರೂಪಕವು ಆದ್ಯಂತ ಒಂದೇ ಆಗಿದೆ. ಖಡ್ಗವಿದೆ, ಅರಣ್ಯವಿದೆ, ಕಡಿಯುವ ಕ್ರಿಯೆಯಿದೆ. ಖಡ್ಗಕ್ಕೆ ಕೊಟ್ಟ ವಿಶೇಷಣವೂ ಪರ-ಜೀವರ ಭೇದವನ್ನೇ ಹೇಳುವುದು. ಆ ಪೂರ್ವಾರ್ಧಕ್ಕೆ ಎರಡನೆಯ ಪಾಠವನ್ನು ಜೋಡಿಸಿದರೆ ಕತ್ತಿಯು ಕಡಿಯುವುದನ್ನು ಬಿಟ್ಟು ಕಲಕುವ ಕೆಲಸಕ್ಕೆ ಇಳಿಯಬೇಕಾಗುವುದು. ಭೇದವನ್ನು ತೋರಿಸುವ ಆಯುಧದಿಂದ ಅಭೇದವಾದಿಗಳು ಗೆದ್ದರೆಂಬುದೂ ಕೂಡಿಬಾರದು. ಆದ್ದರಿಂದ ಶ್ಲೋಕವು ಮೂಲದಲ್ಲಿ ಒಂದೇ ಆಗಿದ್ದರೆ ನಮ್ಮ ಪಾಠವೇ ಸಹಜವೆಂದು ನಮ್ಮ ನಿಶ್ಚಯ. ಆದರೆ ಹೊಂದಿಕೆಯಿದ್ದ ಮಾತ್ರಕ್ಕೆ ದೇಶಿಕರೇ ಬರೆದರೆಂದು ಸಾಧಿಸಿದಂತಾಗದು. ನಿಪುಣನಾದ ಯಾವ ಕವಿಯೂ ಹೊಂದಿಸಿ ಬರೆಯಬಲ್ಲನು. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು.

ವಾದಕ್ಕೆ ವಿಷಯವಾದ ಶ್ರುತಿವಾಕ್ಯದ್ದೂ ಪಾಠದ ಪ್ರಶ್ನೆಯೇ ಎಂಬುದು ಇಲ್ಲಿನ ಸ್ವಾರಸ್ಯ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂಬತ್ತು ಬಾರಿ ಈ ಉಪದೇಶವನ್ನು ಮಾಡುವನು. ಹಿಂದಿನ ‘ಆತ್ಮಾ’ ಎಂಬ ಪದದ ದೀರ್ಘದೊಳಗೆ ಮುಂದಿನ ಅಕಾರವು ಸಂಧಿಯಲ್ಲಿ ಅಡಗಬಲ್ಲದು. ಆದುದರಿಂದ ‘ತತ್’ ಎಂದು ಬಿಡಿಸಿದರೂ ‘ಅತತ್’ ಎಂದು ಬಿಡಿಸಿದರೂ ಕಿವಿಗೆ ಬೀಳುವ ಧ್ವನಿ ಒಂದೇ. ಅಲ್ಲಿ ಒಂದಕ್ಷರವೂ ಬದಲಾಗದು, ಪದಚ್ಛೇದ ಮಾತ್ರ ಬದಲಾಗುವುದು. ಶ್ರೀಮದಾಚಾರ್ಯರು ‘ಅತತ್’ ಎಂಬ ಛೇದವನ್ನು ಬರಿಯ ವ್ಯಾಕರಣಬಲದಿಂದ ಹೇಳಿದವರಲ್ಲ. ದಾರಕ್ಕೆ ಕಟ್ಟಿದ ಹಕ್ಕಿಯು ಎಲ್ಲೆಲ್ಲೋ ಹಾರಿ ಕೊನೆಗೆ ಕಟ್ಟಿದ ಸ್ಥಳವನ್ನೇ ಆಶ್ರಯಿಸುವುದು. ಹಕ್ಕಿ ಬೇರೆ, ಆಶ್ರಯ ಬೇರೆ. ನದಿಗಳು ಸಮುದ್ರವನ್ನು ಸೇರುವುವು. ಕಣ್ಣು ಕಟ್ಟಿಸಿಕೊಂಡವನು ಕೇಳುತ್ತ ಕೇಳುತ್ತ ಗಾಂಧಾರವನ್ನು ತಲಪುವನು. ತಲಪಿದವನು ಗಾಂಧಾರವೇ ಆಗಿಬಿಡುವನೇ? ಹೀಗೆ ಒಂಬತ್ತು ದೃಷ್ಟಾಂತಗಳೂ ಭೇದಕ್ಕೇ ಒಲಿಯುವುವೆಂದು ತೋರಿಸಿ, ಅದಕ್ಕೆ ಅನುಗುಣವಾಗಿ ಆಚಾರ್ಯರು ಪದವನ್ನು ಬಿಡಿಸಿದರು. ಮುಳಬಾಗಿಲಿನ ತೀರ್ಪು ಯಾರದೇ ಆಗಿರಲಿ, ಈ ಯುಕ್ತಿಗೆ ಅದರಿಂದ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಂತಿಲ್ಲ. ವಿದ್ಯಾರಣ್ಯರ ಕಾಲದ ವಿಜಯನಗರ ವಿದ್ವದ್ವಲಯದಲ್ಲಿ ಹುಟ್ಟಿದ, ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ದಲ್ಲಿ ಪೂರ್ಣಪ್ರಜ್ಞದರ್ಶನಕ್ಕೆಂದೇ ಒಂದು ಪ್ರಕರಣವಿದೆ. ಗ್ರಂಥಕಾರರು ನಮ್ಮ ಸಿದ್ಧಾಂತವನ್ನು ಒಪ್ಪಿದವರಲ್ಲ. ಆದರೂ ‘ಅತತ್’ ಎಂಬ ಛೇದವನ್ನು, ಅದರ ಕಾರಣದೊಡನೆ, ವಿಕಾರಗೊಳಿಸದೆ ಅಲ್ಲಿ ಬರೆದಿದ್ದಾರೆ. ಎದುರುಪಕ್ಷದ ಮಾತನ್ನು ಎದುರುಪಕ್ಷದವರು ಹೇಳುವಂತೆಯೇ ಬರೆದಿಡುವ ಈ ಸೌಜನ್ಯವು ಆ ಕಾಲದ ಪಂಡಿತರಲ್ಲಿತ್ತು. ನಮ್ಮ ವೇದಿಕೆಗಳಲ್ಲಿ ವಿದ್ಯಾರಣ್ಯರ ಹೆಸರನ್ನು ಕೆಲವರು ಲಘುವಾಗಿ ಎತ್ತುವುದನ್ನು ಕೇಳಿದಾಗ ಈ ಪ್ರಕರಣದ ನೆನಪಾಗುವುದು.

ಆದ್ದರಿಂದ ಬರುವ ಪಂಚಮಿಯಂದು ಅಲಂಕಾರಪಂಕ್ತಿ, ಹಸ್ತೋದಕಗಳ ತರುವಾಯ ಮನೆಮಂದಿಯೆಲ್ಲ ಕುಳಿತಾಗ, ಹಿರಿಯರು ಜಯಶ್ಲೋಕವನ್ನು ಅವಶ್ಯವಾಗಿ ಹೇಳಲಿ. ಇದು ನಮ್ಮ ಪರಂಪರೆಯ ಪಾಠ, ಅವರಲ್ಲಿ ಇನ್ನೊಂದುಂಟು ಎಂಬುದನ್ನೂ ಹೇಳಲಿ. ಮಕ್ಕಳು “ಹಾಗಾದರೆ ಗೆದ್ದವರು ಯಾರು?” ಎಂದು ಕೇಳಿದರೆ ಛಾಂದೋಗ್ಯದ ಆರನೆಯ ಅಧ್ಯಾಯವನ್ನು ತೆರೆದು, ಹಕ್ಕಿಯ ದೃಷ್ಟಾಂತದಿಂದ ಆರಂಭಿಸಬಹುದು.

ಶ್ರೀಕೃಷ್ಣಾರ್ಪಣಮಸ್ತು